ಮುಟ್ಟಿದರಷ್ಟೇ ಆಟ

ಮೈದಾನಕ್ಕೆ ಸುಣ್ಣ ಹಾಕುವುದು ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯವರ ಪಾಲಿನ ಕೆಲಸ. ಡ್ರಿಲ್ ಮೇಷ್ಟ್ರು ಹುರಿಹಗ್ಗವನ್ನು ಬಿಗಿಯಾಗಿ ಎಳೆಸಿ ಹಿಡಿಸುತ್ತಿದ್ದರು. ತಳಕ್ಕೆ ತೂತು ಕೊರೆದ ಡಬ್ಬದಿಂದ ಸುಣ್ಣದ ಪುಡಿ ಉದುರಿಸುತ್ತ ನಾವು ಹಗ್ಗದ ಗುಂಟ ನಡೆಯುತ್ತಿದ್ದೆವು. ಆ ತುದಿಗೊಂದು ಈ ತುದಿಗೊಂದು ಕಂಬ, ನಡುವೆ ಎಂಟು ಚೌಕ. ಕೆಮ್ಮಣ್ಣಿನ ಮೇಲೆ ಬಿಳಿ ಗೆರೆ ಎದ್ದು ಕಂಡಿತೆಂದರೆ ಖೋ-ಖೋ ಅಂಕಣ ಸಿದ್ಧ. ಶಾಲೆಗೆ ಒಂದು ಪೈಸೆಯ ಖರ್ಚಿಲ್ಲ. ಚೆಂಡು ಬೇಡ, ಬ್ಯಾಟು ಬೇಡ, ಕಾಲಿಗೆ ಚಪ್ಪಲಿಯೂ ಬೇಡ.

ಅಂದು ಹತ್ತನೇ ತರಗತಿಯವರ ಮೇಲೆ ನಮ್ಮ ಪಂದ್ಯ. ನಾವು ಅಟ್ಟಿಸುವವರು. ಎಂಟು ಮಂದಿ ಒಬ್ಬ ಬಿಟ್ಟು ಒಬ್ಬರಂತೆ ಆ ಕಡೆ ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದೆವು. ಓಡುತ್ತಿದ್ದವನು ಊರಿನ ದೊಡ್ಡ ಮನೆಯ ಹುಡುಗ. ಮೂರನೇ ಚೌಕದಲ್ಲಿ ಕೂತಿದ್ದವನು ಕೇರಿಯಿಂದ ಬರುತ್ತಿದ್ದ ಹುಡುಗ, ನಮ್ಮೆಲ್ಲರಿಗಿಂತ ಚುರುಕಿನ ಕಾಲು ಅವನದು. ದೊಡ್ಡ ಮನೆಯವನು ಅವನ ಹಿಂದೆ ಬಂದು, ಗೇಣು ದೂರದಲ್ಲೇ ಕೈ ತಡೆದು, ‘ಖೋ’ ಎಂದ. ಇವನೂ ರೂಢಿಯಂತೆ ಎದ್ದ. ಸೀಟಿ ಊದಿತು.

‘ಮುಟ್ಲಿಲ್ಲ, ಫೌಲು’ ಅಂದರು ಮೇಷ್ಟ್ರು.

ಮತ್ತೆ ಓಟ, ಮತ್ತೆ ಅದೇ ಚೌಕ, ಮತ್ತೆ ಗಾಳಿಯಲ್ಲೇ ಖೋ, ಮತ್ತೆ ಸೀಟಿ. ಮೂರನೇ ಸಲ ಮೇಷ್ಟ್ರು ಗೆರೆಯ ಹತ್ತಿರ ಬಂದು ನಿಂತರು. ಅವರು ಗದರಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ‘ಬೆನ್ನು ಮುಟ್ಟಬೇಕು, ಬಾಯಲ್ಲಿ ಖೋ ಅನ್ನಬೇಕು ಕಣಯ್ಯ. ಎರಡೂ ಒಟ್ಟಿಗೇ ಆಗ್ಬೇಕು. ಅದು ಆಟದ ನಿಯಮ’ ಎಂದಷ್ಟೇ ಹೇಳಿ ಗಡಿಯಾರ ನೋಡಿಕೊಂಡರು. ಹೊತ್ತು ಜಾರುತ್ತಿತ್ತು, ಎದುರಿನ ಮೂವರಲ್ಲಿ ಒಬ್ಬನೂ ಔಟಾಗಿರಲಿಲ್ಲ. ಆಗ ಐದನೇ ಚೌಕದಿಂದ ಕೂಗು ಬಂತು. ಕೂಗಿದವನು ದೊಡ್ಡ ಮನೆಯವನ ಚಿಕ್ಕಪ್ಪನ ಮಗ. ‘ಮುಟ್ಲಾ! ಸೋಲ್ತೀವಿ, ಮುಟ್ಟೋ!’ ಅವನು ಮುಟ್ಟಿದ. ಕೇರಿಯ ಹುಡುಗ ಬಾಣದಂತೆ ನುಗ್ಗಿ ಕಂಬದ ಬಳಿ ಒಬ್ಬನನ್ನು ಹಿಡಿದ.

ನಾನು ಏಳನೇ ಚೌಕದಲ್ಲಿದ್ದೆ. ಅಲ್ಲಿಯವರೆಗೆ ನಾನೂ ಆ ಹುಡುಗನಿಗೆ ಬೆರಳ ತುದಿಯನ್ನಷ್ಟೇ ತಾಗಿಸಿ ಖೋ ಕೊಡುತ್ತಿದ್ದೆ. ಅಂದು ಸಂಜೆ ಅದು ನನಗೆ ತಿಳಿಯಿತು. ಇಷ್ಟು ವರ್ಷ ಕಳೆದರೂ ಮರೆತಿಲ್ಲ.

ಕ್ರೀಡೆ ರಾಷ್ಟ್ರೀಯ ಮೌಲ್ಯಗಳನ್ನು ಬೆಳೆಸುತ್ತದೆ ಎಂಬ ಮಾತನ್ನು ಆಗಸ್ಟ್ 15ರ ವೇದಿಕೆಯಿಂದ ಹಿಡಿದು ದೈಹಿಕ ಶಿಕ್ಷಣದ ಪುಸ್ತಕದ ಮೊದಲ ಪುಟದವರೆಗೆ ಎಲ್ಲ ಕಡೆ ಕೇಳುತ್ತೇವೆ. ಶಿಸ್ತು, ಐಕ್ಯತೆ, ತ್ಯಾಗ, ದೇಶಪ್ರೇಮ ಎಂದು ಪಟ್ಟಿ ಬೆಳೆಯುತ್ತದೆ. ಯಾವುದೂ ಸುಳ್ಳಲ್ಲ. ಆದರೆ ನಮ್ಮ ದೇಶದಲ್ಲಿ ಆಟ ಕಲಿಸಬಹುದಾದ, ಬೇರೆ ಯಾವ ಪಾಠವೂ ಅಷ್ಟು ಚೆನ್ನಾಗಿ ಕಲಿಸಲಾರದ ಒಂದು ಸಂಗತಿ ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದು ಮುಟ್ಟುವುದು.

ಕನ್ನಡದಲ್ಲಿ ಈ ಮಾತಿಗೆ ಎಷ್ಟು ಮುಖ ನೋಡಿ. ಮಕ್ಕಳು ಆಡುವುದು ಮುಟ್ಟಾಟ. ಮಡಿಯಲ್ಲಿರುವವರು ಹೇಳುವುದು ಮುಟ್ಟಬೇಡ. ಹೆಣ್ಣುಮಕ್ಕಳು ಮೂರು ದಿನ ಹೊರಗೆ ಕೂರುವುದಕ್ಕೂ ಮುಟ್ಟು ಎಂದೇ ಹೆಸರು. ಯಾರು ಯಾರನ್ನು ಮುಟ್ಟಬಹುದು, ಯಾವಾಗ ಮುಟ್ಟಬಾರದು ಎಂಬ ಲೆಕ್ಕದ ಮೇಲೆ ಕಟ್ಟಿದ ಸಮಾಜ ನಮ್ಮದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಕಾನೂನಿನ ಆ ಒಂದು ಸಾಲು ಹದಿನಾಲ್ಕು ವರ್ಷದ ಹುಡುಗನ ಅಂಗೈಗೆ ಇಳಿಯುವುದು ಹೇಗೆ? ಸಮಾಜ ಪಾಠದಲ್ಲಿ ಅದನ್ನು ಬಾಯಿಪಾಠ ಮಾಡಿ ಎರಡು ಅಂಕ ಪಡೆದವನೇ ಅಂದು ಗೇಣು ದೂರದಲ್ಲಿ ಕೈ ತಡೆದಿದ್ದ. ಕೈಯನ್ನು ಮುಂದಕ್ಕೆ ತಂದದ್ದು ಆಟದ ನಿಯಮ.

ಆಟದಲ್ಲಿ ಈ ಜಗಳ ಹಳೆಯದು. ಧಾರವಾಡದಲ್ಲಿ 1870ರ ದಶಕದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಚಮ್ಮಾರ ಸಮುದಾಯದವರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುವ, ನೆಟ್ ಕಟ್ಟುವ ಕೆಲಸದಲ್ಲಿದ್ದುಕೊಂಡು, ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯುತ್ತಲೇ ಎಡಗೈ ಸ್ಪಿನ್ ಬೌಲಿಂಗನ್ನು ಸಿದ್ಧಿಸಿಕೊಂಡರು. ಆ ಕಾಲದ ಭಾರತದಲ್ಲಿ ಅವರಿಗೆ ಸಮನಾದ ಬೌಲರುಗಳು ವಿರಳ. ಹಿಂದೂ ತಂಡಕ್ಕೆ ಅವರು ಬೇಕಾದರು, ಏಕೆಂದರೆ ಸಾಹೇಬರನ್ನು ಸೋಲಿಸಬೇಕಿತ್ತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮಕ್ಕೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟದ ತಟ್ಟೆಯೂ ಬೇರೆ. ಚೆಂಡಿಗೆ ಇಲ್ಲದ ಮೈಲಿಗೆ ಲೋಟಕ್ಕೆ ಇತ್ತು.

1906ರಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿತು. ಅದರಲ್ಲಿ ಬಾಲೂ ಅವರ ಕೈಯಿತ್ತು. 1911ರಲ್ಲಿ ಅಖಿಲ ಭಾರತ ತಂಡದೊಡನೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಹಿಂದಿರುಗಿದ ಮೇಲೆ ಅವರನ್ನು ದಲಿತ ಸಮುದಾಯ ಸನ್ಮಾನಿಸಿತು. ಹರೆಯದ ಅಂಬೇಡ್ಕರ್ ಅವರಿಗೆ ಬಾಲೂ ಆಗ ಕಣ್ಣೆದುರಿನ ನಾಯಕ. ಇಷ್ಟಾದರೂ ಹಿಂದೂ ತಂಡದ ನಾಯಕ ಪಟ್ಟವನ್ನು ಬಾಲೂ ಅವರಿಗೆ ಕೊಡಲಿಲ್ಲ. ಅದು ದಕ್ಕಿದ್ದು ತಮ್ಮ ವಿಠಲನಿಗೆ, 1923ರಲ್ಲಿ. ಅಷ್ಟರಲ್ಲಿ ಗಾಂಧಿಯವರು ಅಸ್ಪೃಶ್ಯತೆಯ ಮಾತನ್ನು ದೇಶದ ನಡುಮನೆಗೆ ತಂದಿದ್ದರು. ಆ ವರ್ಷ ವಿಠಲರ ತಂಡ ಗೆದ್ದಾಗ ಮೇಲ್ಜಾತಿಯ ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತರು. ಅಣ್ಣನಿಗೆ ಲೋಟ ಬೇರೆ, ತಮ್ಮನಿಗೆ ಹೆಗಲು. ಸ್ವಾತಂತ್ರ್ಯ ಹೋರಾಟ ಆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ದೂರ ಬಂದಿತ್ತು, ಎಷ್ಟು ದೂರ ಬಂದಿರಲಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರುವ ನಿದರ್ಶನ ನನಗೆ ಗೊತ್ತಿಲ್ಲ.

ಈ ಹಿಂದೂ ತಂಡ ಆಡುತ್ತಿದ್ದ ಬೊಂಬಾಯಿ ಟೂರ್ನಿಯ ಇನ್ನೊಂದು ಮುಖವನ್ನೂ ಹೇಳಬೇಕು. ಹಿಂದೂಗಳಿಗೊಂದು ತಂಡ, ಪಾರ್ಸಿಗಳಿಗೊಂದು, ಮುಸ್ಲಿಮರಿಗೊಂದು, ಯುರೋಪಿಯನ್ನರಿಗೊಂದು. 1937ರಿಂದ ಉಳಿದವರೆಲ್ಲರಿಗೆ ಸೇರಿಸಿ ಐದನೆಯದೊಂದು. ಧರ್ಮದ ಹೆಸರಲ್ಲಿ ತಂಡ ಕಟ್ಟುವುದು ತಮಗೆ ಒಪ್ಪಿಗೆಯಿಲ್ಲವೆಂದು ಗಾಂಧಿಯವರು 1940ರ ಡಿಸೆಂಬರಿನಲ್ಲಿ ನೇರವಾಗಿ ಹೇಳಿದರು. ಆಮೇಲೂ ಐದಾರು ವರ್ಷ ನಡೆದು 1946ರಲ್ಲಿ ಅದು ನಿಂತಿತು. ಆಟ ತನ್ನಷ್ಟಕ್ಕೆ ತಾನೇ ಜನರನ್ನು ಒಂದುಗೂಡಿಸುತ್ತದೆ ಎನ್ನುವವರು ಈ ಅರ್ಧ ಶತಮಾನವನ್ನು ಓದಿಕೊಳ್ಳಬೇಕು. ಯಾರ ಜೊತೆ ಯಾರನ್ನು ಒಂದೇ ತಂಡದಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲಿ ಎಲ್ಲ ಅಡಗಿದೆ.

ಹುಬ್ಬಳ್ಳಿಯ ನಾರಾಯಣ ಸುಬ್ಬರಾವ್ ಹರ್ಡೀಕರ್ ಇದನ್ನು ಬಲ್ಲವರಾಗಿದ್ದರು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತು, ಅಲ್ಲಿ ಲಾಲಾ ಲಜಪತರಾಯರ ಜೊತೆ ಹೋಂರೂಲ್ ಪ್ರಚಾರ ನಡೆಸಿ 1921ರಲ್ಲಿ ಊರಿಗೆ ಬಂದ ಡಾಕ್ಟರು. ಔಷಧಿಯ ಅಂಗಡಿ ತೆರೆಯುವ ಬದಲು ಅವರು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. 1923ರಲ್ಲಿ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ತಂಡ ಕಟ್ಟಿಕೊಂಡು ಹೋದರು. ಸೆರೆಮನೆಯ ಹಿಂಸೆ ತಾಳದೆ ಕ್ಷಮೆ ಬರೆದುಕೊಟ್ಟು ಹೊರಬಂದವರು ಆಗ ಹಲವರಿದ್ದರು. ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ತರಬೇತಿಯಿಲ್ಲದ ಉತ್ಸಾಹ ಜೈಲಿನ ಗೋಡೆಯವರೆಗಷ್ಟೇ ನಿಲ್ಲುತ್ತದೆ ಎಂಬುದು ಹರ್ಡೀಕರರಿಗೆ ಖಚಿತವಾಯಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾ ದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ, ಬೆನ್ನೆಲುಬು ಹುಬ್ಬಳ್ಳಿಯ ಈ ಡಾಕ್ಟರು.

ಅಹಿಂಸೆಯ ಪಕ್ಷದೊಳಗೆ ಕವಾಯತು ಏಕೆ ಎಂದು ಆಗಲೇ ಕೆಲವರು ಅನುಮಾನಿಸಿದರು. ದಳ ಏನು ಮಾಡಿತೆಂಬುದನ್ನು ನೋಡಬೇಕಾದರೆ 1924ರ ಡಿಸೆಂಬರಿನ ಬೆಳಗಾವಿಗೆ ಹೋಗಬೇಕು. ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಈಗಿನ ಟಿಳಕವಾಡಿಯ ಬಯಲಲ್ಲಿ ವಿಜಯನಗರ ಎಂಬ ಹೆಸರಿನ ಬಿಡಾರ ಎದ್ದಿತು, ನೀರಿಗಾಗಿ ಬಾವಿ ತೋಡಿದರು. ಆ ಕಾಂಗ್ರೆಸ್ ಬಾವಿ ಇಂದಿಗೂ ಇದೆ. ಸಾವಿರಾರು ಜನ ಸೇರಿದ ಆ ಬಯಲಲ್ಲಿ ಸ್ವಯಂಸೇವಕರ ಕವಾಯತಿಗೆ ಬಂದೂಕಿನ ಕೆಲಸವಿರಲಿಲ್ಲ. ನೀರು ಹಂಚುವುದು, ಸಾಲು ನಿಲ್ಲಿಸುವುದು, ಕಾಯಿಲೆ ಬಿದ್ದವರನ್ನು ಹೊತ್ತೊಯ್ಯುವುದು, ಕಸ ಗುಡಿಸುವುದು ಅವರ ಪಾಲಿಗೆ ಬಂತು. ಕಕ್ಕಸು ಶುಚಿಗೊಳಿಸುವ ಕೆಲಸಕ್ಕೆ ಮೇಲ್ಜಾತಿಯ ತರುಣರೂ ಕೈಹಾಕಿದರು. ಹೆಜ್ಜೆ ಹಾಕಿ ಕಲಿತ ಶಿಸ್ತು ಕಡೆಗೆ ಕೈಗೆ ಬಂದು, ಆ ಕೈ ಅಲ್ಲಿಯವರೆಗೆ ಮುಟ್ಟದಿದ್ದುದನ್ನು ಮುಟ್ಟಿತು.

ಹೆಣ್ಣುಮಕ್ಕಳ ವಿಭಾಗವನ್ನು ನೋಡಿಕೊಂಡವರು ಉಮಾಬಾಯಿ ಕುಂದಾಪುರ. ಮಂಗಳೂರಿನಲ್ಲಿ ಹುಟ್ಟಿ, ಎಳೆ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಮಾವ ಆನಂದರಾಯರ ಬೆಂಬಲದಿಂದ ಹುಬ್ಬಳ್ಳಿಯಲ್ಲಿ ಹುಡುಗಿಯರ ಶಾಲೆ ನಡೆಸುತ್ತಿದ್ದ ಹೆಂಗಸು. ಬೆಳಗಾವಿ ಅಧಿವೇಶನಕ್ಕಾಗಿ ಅವರು ಪ್ರಾಂತವೆಲ್ಲ ಸುತ್ತಿ ನೂರೈವತ್ತಕ್ಕೂ ಹೆಚ್ಚು ಮಹಿಳಾ ಸ್ವಯಂಸೇವಕರನ್ನು ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಮದುವೆಮನೆಯಲ್ಲಿ ಎದುರು ಬರಬಾರದೆಂದು ಒಳಗೆ ಕೂರಿಸುತ್ತಿದ್ದ ಹೆಣ್ಣುಮಕ್ಕಳು ಬಟ್ಟಬಯಲಿನಲ್ಲಿ ಸಾಲಾಗಿ ನಿಂತರು. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರೂ ಈ ದಳದಲ್ಲಿ ದುಡಿದವರು. ದೈಹಿಕ ಶಿಕ್ಷಣದ ಇತಿಹಾಸ ಬರೆಯುವವರು ಉಮಾಬಾಯಿಯವರಿಗೆ ಅರ್ಧ ಪುಟವನ್ನಾದರೂ ಕೊಡಬೇಕಿತ್ತು. ಸ್ವಾತಂತ್ರ್ಯ ಹೋರಾಟಗಾರ್ತಿ ಎಂಬ ಪಟ್ಟಿಯಲ್ಲಿ ಅವರ ಹೆಸರಿದೆ. ಆದರೆ ಹೆಣ್ಣಿನ ದೇಹವನ್ನು ಅಡುಗೆಮನೆಯಿಂದ ಮೈದಾನಕ್ಕೆ ತಂದವರು ಅವರು ಎಂಬ ಮಾತು ಕಾಣುವುದಿಲ್ಲ. 1932ರಲ್ಲಿ ಬ್ರಿಟಿಷ್ ಸರ್ಕಾರ ಸೇವಾ ದಳವನ್ನು ನಿಷೇಧಿಸಿತು, ಉಮಾಬಾಯಿ ಯರವಡಾ ಜೈಲು ಸೇರಿದರು.

ಧ್ವಜವಂದನೆಯನ್ನು ಊರೂರಿಗೆ ಒಯ್ದದ್ದೂ ಸೇವಾ ದಳವೇ. ಇಂದು ಖಾದಿಯ ರಾಷ್ಟ್ರಧ್ವಜ ಹೊಲಿದು ಸಿದ್ಧವಾಗುವುದು ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಧ್ವಜ ನನಗೆ ಸಣ್ಣ ಮಾತಲ್ಲ. ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷಗಳಲ್ಲಿ 19ನೆಯವರಾಗಿ ಗುರಿ ಮುಟ್ಟಿದಾಗ ನಮ್ಮದೆನ್ನುವ ಧ್ವಜವೇ ಇರಲಿಲ್ಲ. 1936ರ ಆಗಸ್ಟ್ 15ರಂದು, ಬರ್ಲಿನ್ನಿನ ಫೈನಲ್ಲಿಗೆ ಮೊದಲು, ಧ್ಯಾನ್ ಚಂದ್ ಅವರ ಹಾಕಿ ತಂಡ ಬಟ್ಟೆ ಬದಲಿಸುವ ಕೋಣೆಯೊಳಗೆ ಕಾಂಗ್ರೆಸ್ಸಿನ ತ್ರಿವರ್ಣಕ್ಕೆ ವಂದಿಸಿ ಹೊರಬಂದಿತು. ಹೊರಗೆ ಮೈದಾನದಲ್ಲಿ ಹಾರುವ ಹಕ್ಕು ಅದಕ್ಕಿರಲಿಲ್ಲ. ಜರ್ಮನಿಯನ್ನು 8–1ರಿಂದ ಸೋಲಿಸಿದ ಆ ಹನ್ನೊಂದು ಮಂದಿಯಲ್ಲಿ ಹಿಂದೂ, ಮುಸ್ಲಿಂ, ಆಂಗ್ಲೋ ಇಂಡಿಯನ್ ಎಲ್ಲರೂ ಇದ್ದರು. ಪದಕ ವೇದಿಕೆಯಲ್ಲಿ ಇಂದು ಬಾವುಟ ಮೇಲೇರುವಾಗ ನನ್ನ ಕಣ್ಣು ತುಂಬುತ್ತದೆ. ಆದರೆ ಬಾವುಟ ಕಾಣುವುದು ದಾರಿಯ ಕೊನೆಯಲ್ಲಿ. ದಾರಿ ಹೊರಡುವುದು ಆ ಕೋಣೆಯಲ್ಲಿ ಯಾರ ಪಕ್ಕ ಯಾರು ನಿಂತಿದ್ದರು ಎನ್ನುವಲ್ಲಿಂದ.

ಸ್ವಾತಂತ್ರ್ಯ ಬಂದ ಮೇಲೆ ನಾವು ಕವಾಯತನ್ನು ಉಳಿಸಿಕೊಂಡೆವು, ಅದರ ಉದ್ದೇಶವನ್ನು ಸ್ವಲ್ಪ ಕೈಬಿಟ್ಟೆವು ಎಂದು ನನಗೆ ಅನ್ನಿಸುತ್ತದೆ. ಡ್ರಿಲ್ ನಮ್ಮ ಶಾಲೆಗಳಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ, ಬಹಳ ಕಡೆ ನಿವೃತ್ತ ಸೈನಿಕರ ಕೈಯಲ್ಲಿ. 1920ರಲ್ಲಿ ಹ್ಯಾರಿ ಬಕ್ ಎಂಬ ಅಮೆರಿಕನ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದ ಮೇಲೆ, ಕೈಕಾಲು ಎತ್ತಿಸುವುದಷ್ಟೇ ಶಿಕ್ಷಣವಲ್ಲ, ಮಕ್ಕಳಿಗೆ ಆಟ ಬೇಕು ಎಂಬ ತಿಳಿವಳಿಕೆ ದಕ್ಷಿಣದ ಶಾಲೆಗಳಿಗೆ ಹರಡಿತು. ಆದರೂ ಪ್ರತಿ ಬಿಕ್ಕಟ್ಟಿನಲ್ಲೂ ದೇಶದ ಕೈ ಮೊದಲು ಹೋದದ್ದು ಕವಾಯತಿನ ಕಡೆಗೇ. 1954ರಲ್ಲಿ, ನೇತಾಜಿಯವರ ಸೇನೆಯಲ್ಲಿದ್ದ ಜನರಲ್ ಭೋಂಸ್ಲೆಯವರು ದೆಹಲಿಯ ನಿರಾಶ್ರಿತ ಮಕ್ಕಳ ನಡುವೆ ರಾಷ್ಟ್ರೀಯ ಶಿಸ್ತು ಯೋಜನೆ ಆರಂಭಿಸಿದರು. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಮಕ್ಕಳಿಗೆ ಆ ಸಾಲು, ಆ ಹಾಡು, ಆ ಹೆಜ್ಜೆ ನಿಜವಾಗಿಯೂ ಆಸರೆಯಾಗಿರಬೇಕು. 1962ರ ಚೀನಾ ಯುದ್ಧದ ಮರುವರ್ಷ ಕಾಲೇಜುಗಳಲ್ಲಿ ಎನ್.ಸಿ.ಸಿ. ಕಡ್ಡಾಯವಾಯಿತು; 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ನಮ್ಮ ಮೇಷ್ಟ್ರು ‘ಸಾವಧಾನ್’ ಎಂದರೆ ಇಡೀ ಶಾಲೆಯ ಉಸಿರು ನಿಲ್ಲುತ್ತಿತ್ತು. ಅಪ್ಪಟ ಕನ್ನಡದ ಹಳ್ಳಿಯಲ್ಲಿ ‘ವಿಶ್ರಾಮ್’ ಎಂಬ ಮಾತಿಗೆ ಮುನ್ನೂರು ಮಕ್ಕಳ ಎಡಗಾಲು ಒಟ್ಟಿಗೆ ಸರಿಯುತ್ತಿತ್ತು. ಆ ಸದ್ದಿನ ಗಾಂಭೀರ್ಯ ಈಗಲೂ ನನ್ನ ಕಿವಿಯಲ್ಲಿದೆ, ಅದನ್ನು ಹಗುರ ಮಾಡಲಾರೆ. ಆದರೆ ಕವಾಯತಿನಲ್ಲಿ ಒಬ್ಬರಿಗೂ ಮತ್ತೊಬ್ಬರಿಗೂ ನಡುವೆ ಒಂದು ತೋಳಿನ ಅಂತರ ಇರಲೇಬೇಕು. ಕೈ ಚಾಚಿ ಅಳೆದು, ಅಳತೆಯಾದ ಕೂಡಲೇ ಕೈ ಇಳಿಸಬೇಕು. ಅಪ್ಪಣೆ ಪಾಲಿಸುವುದನ್ನು ಅದು ಕಲಿಸುತ್ತದೆ. ಪಕ್ಕದವನನ್ನು ನಂಬುವುದನ್ನು ಕಲಿಸಬೇಕಾದರೆ ಸಾಲು ಮುರಿದು ಆಟ ಶುರುವಾಗಬೇಕು. ಪ್ರಜಾಪ್ರಭುತ್ವಕ್ಕೆ ಎರಡೂ ಬೇಕೆಂದರೆ ನಾನು ಒಪ್ಪುತ್ತೇನೆ. ಒಂದೇ ಪೀರಿಯಡ್ ಇದೆ, ಯಾವುದು ಬೇಕು ಎಂದರೆ ಆಟ ಎನ್ನುತ್ತೇನೆ.

ಆಟ ಎಂದರೆ ಯಾವುದಾದರೂ ಆದೀತು. ಆದರೂ ಕಬಡ್ಡಿ ಮತ್ತು ಖೋ-ಖೋ ಬಗ್ಗೆ ನನಗೆ ಪಕ್ಷಪಾತವಿದೆ, ಅದಕ್ಕೆ ಕಾರಣವೂ ಇದೆ. ಊರೂರಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಪದ್ಧತಿ ಇದ್ದ ಈ ಆಟಗಳಿಗೆ ಅಚ್ಚುಕಟ್ಟಾದ ನಿಯಮ ಬಂದದ್ದು ಇಪ್ಪತ್ತನೇ ಶತಮಾನದ ಮೊದಲ ಕಾಲು ಭಾಗದಲ್ಲಿ, ಪುಣೆಯ ಡೆಕ್ಕನ್ ಜಿಮ್ಖಾನಾ ಮತ್ತು ಬರೋಡದ ಹಿಂದ್ ವಿಜಯ್ ಜಿಮ್ಖಾನಾದಂಥ ಕಡೆ. ಅದು ಸ್ವದೇಶಿಯ ಕಾಲ. ವಿಲಾಯತಿ ಸಾಮಾನು ಕೊಳ್ಳದೆ ಆಡಬಹುದಾದ ಆಟ ಬೇಕಾಗಿತ್ತು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲ 1936ರಲ್ಲಿ ಬರ್ಲಿನ್ನಿಗೇ ಹೋಗಿ ದೇಶಿ ಆಟಗಳನ್ನು ಆಡಿ ತೋರಿಸಿತು. ಹೀಗೆ ನಿಯಮ ಬರೆದವರು ದೇಶಾಭಿಮಾನದಿಂದ ಬರೆದರು. ಬರೆಯುತ್ತಾ ಅವರು ಇನ್ನೂ ದೊಡ್ಡದೊಂದು ಕೆಲಸ ಮಾಡಿಬಿಟ್ಟರು. ಕಬಡ್ಡಿಯಲ್ಲಿ ಎದುರಾಳಿಯನ್ನು ಮುಟ್ಟದೆ ಔಟ್ ಮಾಡುವಂತಿಲ್ಲ, ಅಪ್ಪಿ ಹಿಡಿಯದೆ ತಡೆಯಿಲ್ಲ. ಖೋ-ಖೋದಲ್ಲಿ ಜೊತೆಗಾರನ ಬೆನ್ನು ಮುಟ್ಟದೆ ಆಟ ಮುಂದಕ್ಕೇ ಹೋಗದು. ಜಾತಿಯ ಕಟ್ಟುಪಾಡು ಬೇಡವೆಂದದ್ದನ್ನು ಈ ಎರಡು ಆಟ ಕಡ್ಡಾಯ ಮಾಡಿದವು.

ಮೈಸೂರಿನ ಗರಡಿಮನೆಗಳಲ್ಲಿ ಈ ಪಾಠ ಇನ್ನೂ ಹಿಂದಿನದು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಕುಂಕುಮ ಬೆರೆಸಿ ಹದ ಮಾಡಿದ ಮಟ್ಟಿಗೆ ಇಳಿದರೆ ಯಾರ ಮೈ ಯಾರದೆಂಬುದು ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಗರಡಿಮನೆಯಲ್ಲಿ ಆಂಜನೇಯನ ಪಟ, ಕಲಿಸುವವನ ಹೆಸರು ಉಸ್ತಾದ್. ಹಿಂದೂ ಮೊಹಲ್ಲಾದ ಗರಡಿಯವನಿಗೂ ಮುಸ್ಲಿಂ ಮೊಹಲ್ಲಾದ ಗರಡಿಯವನಿಗೂ ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ನೋಡುವುದು ತೂಕ ಮತ್ತು ಪಟ್ಟು. ಆದರೆ ಎಲ್ಲ ಜಾತಿಗೂ ಎಲ್ಲ ಗರಡಿಯ ಬಾಗಿಲು ತೆರೆದಿರಲಿಲ್ಲ, ಹೆಣ್ಣುಮಕ್ಕಳಿಗಂತೂ ತೀರಾ ಈಚಿನವರೆಗೂ ಇಲ್ಲ. ಸರ್ಕಾರಿ ಶಾಲೆಯ ಬಯಲು ಗರಡಿಗಿಂತ ಮುಂದೆ ಹೋದದ್ದು ಅಲ್ಲೇ. ಅದಕ್ಕೆ ಬಾಗಿಲೇ ಇರಲಿಲ್ಲ.

ಹೆಣ್ಣುಮಕ್ಕಳ ಮಾತು ಬಂತು, ಅವಸರದಲ್ಲಿ ದಾಟಲಾರೆ. ನಮ್ಮ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಹುಡುಗರನ್ನು ಓಡಿ ಸೋಲಿಸುತ್ತಿದ್ದ ಹುಡುಗಿಯರು ಎಂಟನೆಯದಕ್ಕೆ ಬರುವಷ್ಟರಲ್ಲಿ ಮರದ ನೆರಳಿಗೆ ಸರಿಯುತ್ತಿದ್ದರು. ತಿಂಗಳಿಗೆ ಮೂರು ದಿನ ಶಾಲೆಗೇ ಬರುತ್ತಿರಲಿಲ್ಲ. ಉಳಿದ ದಿನ ಆಟದ ಪೀರಿಯಡ್ಡಿನಲ್ಲಿ ನಮ್ಮ ಚೀಲ ಕಾಯುವುದು ಅವರ ಕೆಲಸವೆಂದು ನಾವೂ ಅಂದುಕೊಂಡಿದ್ದೆವು, ಅವರಿಗೂ ಹಾಗೆಂದೇ ಹೇಳಲಾಗಿತ್ತು. ಮುಟ್ಟು ಎಂಬ ಒಂದೇ ಮಾತು ಕೇರಿಯ ಹುಡುಗನನ್ನೂ ಮನೆಯ ಹುಡುಗಿಯನ್ನೂ ಒಂದೇ ಗೆರೆಯಾಚೆ ನಿಲ್ಲಿಸಿತ್ತು. ಕೇರಿಯ ಹುಡುಗನಿಗಾಗಿ ನಮ್ಮ ಮೇಷ್ಟ್ರ ಬಳಿ ಒಂದು ನಿಯಮವಿತ್ತು. ಹುಡುಗಿಯರಿಗಾಗಿ ಅವರ ಬಳಿಯೂ ಏನೂ ಇರಲಿಲ್ಲ. ಬಟ್ಟೆ ಬದಲಿಸಲು ಒಂದು ಕೋಣೆ, ನೀರು ಬರುವ ಒಂದು ಶೌಚಾಲಯ, ಕರೆದೊಯ್ದು ಕರೆತರಲು ಒಬ್ಬ ಮೇಡಂ ಇದ್ದಿದ್ದರೆ ಆ ಮರದ ನೆರಳಿನಿಂದ ಎಷ್ಟು ಮಂದಿ ಎದ್ದು ಬರುತ್ತಿದ್ದರೋ. ಹುಡುಗಿಯರ ಆಟಕ್ಕೆ ಮೊದಲು ಬೇಕಾದದ್ದು ಇವು. ಟ್ರೋಫಿಯ ಮಾತು ಆಮೇಲೆ.

ಆ ನೆರಳಿನಿಂದ ಎದ್ದು ಬಂದವರು ಎಲ್ಲಿಗೆ ಮುಟ್ಟುತ್ತಾರೆ ಎಂಬುದನ್ನು ಈಚೆಗೆ ಕಂಡೆವು. ಕಾರ್ಕಳ ತಾಲ್ಲೂಕಿನ ಹಳ್ಳಿಯಿಂದ ಬಂದ ಮಮತಾ ಪೂಜಾರಿ ಕಬಡ್ಡಿಯಲ್ಲಿ ಭಾರತ ತಂಡದ ನಾಯಕಿಯಾಗಿ ಅರ್ಜುನ ಪ್ರಶಸ್ತಿ ಪಡೆದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪಿನ ಫೈನಲ್ಲಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ, ಹಿಡಿಸಿಕೊಳ್ಳದೆ ನಿಮಿಷಗಟ್ಟಲೆ ಓಡಿ ಆಟವನ್ನು ನಮ್ಮ ಕಡೆ ತಿರುಗಿಸಿದವರಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಒಬ್ಬರು. ಪುರುಷರ ತಂಡದಲ್ಲೂ ನಮ್ಮವರೇ ಆದ ಎಂ.ಕೆ. ಗೌತಮ್ ಇದ್ದರು, ಅವರೂ ಗೆದ್ದರು. ಊರಿಗೆ ಬಂದವರಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಮೀರಿದ ಮೊತ್ತವನ್ನೂ ಸರ್ಕಾರಿ ನೌಕರಿಯನ್ನೂ ಕೊಟ್ಟದ್ದನ್ನು ಎತ್ತಿ ತೋರಿಸಿ ಇಬ್ಬರೂ ಆ ಮೊತ್ತವನ್ನು ನಿರಾಕರಿಸಿದರು. ದುಡ್ಡಿನಾಸೆ ಎಂದವರಿದ್ದಾರೆ. ನನಗೆ ಅದರಲ್ಲಿ ಸ್ವಾಭಿಮಾನ ಕಂಡಿತು. ಮಣ್ಣಿನ ಆಟ ದೇಶದ ಹೆಮ್ಮೆ ಎಂದು ಭಾಷಣ ಮಾಡುವವರು ಆ ಮಣ್ಣಿನಲ್ಲಿ ಬೆಳೆದ ಮಗಳ ನಾಳೆಯ ಅನ್ನದ ಬಗ್ಗೆ ಯೋಚಿಸಬೇಕಾದ್ದು ನ್ಯಾಯ.

ಈಗ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಒಂದು ಸಂಗತಿ. ನಮ್ಮ ಕಾಲದಲ್ಲಿ ದೊಡ್ಡ ಮನೆಯವನೂ ಕೇರಿಯವನೂ ಒಂದೇ ಶಾಲೆಗೆ ಬರುತ್ತಿದ್ದರು, ಬೇರೆ ಶಾಲೆಯೇ ಇರಲಿಲ್ಲ. ಅದಕ್ಕೇ ಆ ಮೂರನೇ ಚೌಕದ ಎದುರು ಅವನು ನಿಲ್ಲಬೇಕಾಯಿತು. ಇಂದು ಅನುಕೂಲವಿದ್ದವರ ಮಕ್ಕಳನ್ನು ಬೆಳಗ್ಗೆ ಹಳದಿ ಬಸ್ಸು ಪೇಟೆಯ ಖಾಸಗಿ ಶಾಲೆಗೆ ಒಯ್ಯುತ್ತದೆ. ಅಲ್ಲಿ ಸ್ಕೇಟಿಂಗ್ ಉಂಟು, ಕರಾಟೆ ಉಂಟು, ಎಷ್ಟೋ ಕಡೆ ಮೈದಾನವಿಲ್ಲ. ಸರ್ಕಾರಿ ಶಾಲೆಯಲ್ಲಿ ಉಳಿದವರು ಉಳಿದವರ ಜೊತೆ ಆಡುತ್ತಾರೆ, ಮೈದಾನವಿದ್ದರೂ ಎಷ್ಟೋ ಕಡೆ ದೈಹಿಕ ಶಿಕ್ಷಕರಿಲ್ಲ. ಎಸ್ಸೆಸ್ಸೆಲ್ಸಿ ಬಂತೆಂದರೆ ಎರಡೂ ಕಡೆ ಆಟದ ಪೀರಿಯಡ್ ಗಣಿತದ ಪಾಲು. ಮುಟ್ಟಬೇಡ ಎಂದು ಯಾರೂ ಹೇಳಬೇಕಾಗಿಲ್ಲ. ಮುಟ್ಟುವ ಸಂದರ್ಭವೇ ಬಾರದಂತೆ ಗೋಡೆ, ಬಸ್ಸು, ಫೀಸು ನೋಡಿಕೊಳ್ಳುತ್ತವೆ.

ಈ ಎರಡು ಬಗೆಯ ಮಕ್ಕಳು ಇನ್ನೂ ಎದುರುಬದುರಾಗುವ ಜಾಗವೊಂದಿದೆ. ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟ. ಅಲ್ಲಿ ಪಥಸಂಚಲನದ ನಂತರ ಶಾಮಿಯಾನದಡಿ ಗಣ್ಯರ ಭಾಷಣ ಮುಗಿಯಲು ಗಂಟೆ ಹಿಡಿಯುತ್ತದೆ, ಮಕ್ಕಳು ಬಿಸಿಲಲ್ಲಿ ಕಾಯುತ್ತಾರೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ನನಗೆ ಹಬ್ಬ. ಬೂಟು ತೊಟ್ಟವರೂ ಬರಿಗಾಲಿನವರೂ ಒಂದೇ ಮಣ್ಣಿಗೆ ಇಳಿಯುತ್ತಾರೆ. ತಾಲ್ಲೂಕಿನಲ್ಲಿ ಗೆದ್ದ ಮೇಲೆ ಜಿಲ್ಲಾ ತಂಡಕ್ಕೆ ಎರಡೂ ಕಡೆಯವರನ್ನು ಆರಿಸುತ್ತಾರೆ. ಅಲ್ಲಿಗೆ ಬಂದಾಗ ಅವರು ಒಂದೇ ತಂಡ, ಒಂದೇ ಬಸ್ಸು, ಒಂದೇ ಪಾತ್ರೆಯ ಚಿತ್ರಾನ್ನ. ಸಂವಿಧಾನದ 51ಎ ವಿಧಿ ಧರ್ಮ, ಭಾಷೆ, ಪ್ರದೇಶದ ಭೇದ ಮೀರಿದ ಸೋದರಭಾವವನ್ನು ಬೆಳೆಸುವುದು ಪ್ರಜೆಯ ಕರ್ತವ್ಯ ಎನ್ನುತ್ತದೆ. ಈ ಕರ್ತವ್ಯಕ್ಕೆ ಸರ್ಕಾರ ಮಾಡುವ ಅತಿ ಕಡಿಮೆ ಖರ್ಚಿನ ಏರ್ಪಾಡು ಈ ಕ್ರೀಡಾಕೂಟವೇ ಇರಬೇಕು. ಅದನ್ನು ಕಾಟಾಚಾರಕ್ಕೆ ನಡೆಸುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಕಳೆದ ವರ್ಷ ಅಂಥದ್ದೊಂದು ಕೂಟಕ್ಕೆ ಹೋಗಿದ್ದೆ. ಹುಡುಗಿಯರ ಖೋ-ಖೋ ನಡೆಯುತ್ತಿತ್ತು. ಹಿಂದಿನ ರಾತ್ರಿ ಮಳೆ ಬಿದ್ದು ಅಂಕಣದ ಮಣ್ಣು ಹಸಿಯಾಗಿತ್ತು. ಓಡುವವರು ಜಾರಿ ಬೀಳುತ್ತಿದ್ದರು, ಎದ್ದು ಅದೇ ಕೈಯಲ್ಲಿ ಖೋ ಕೊಡುತ್ತಿದ್ದರು. ಮೊದಲ ಸರದಿ ಮುಗಿಯುವಷ್ಟರಲ್ಲಿ ಪ್ರತಿ ಹುಡುಗಿಯ ಬಿಳಿ ಅಂಗಿಯ ಬೆನ್ನ ಮೇಲೆ ಕೆಮ್ಮಣ್ಣಿನ ಅಂಗೈ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ಐದೂ ಬೆರಳು ಎಣಿಸಬಹುದಾದಷ್ಟು ಸ್ಪಷ್ಟ.

ವಿರಾಮದಲ್ಲಿ ಒಬ್ಬಳ ತಾಯಿ ನೀರಿನ ಬಾಟಲಿ ಹಿಡಿದು ಬಂದರು. ಮಗಳ ಬೆನ್ನು ನೋಡಿ, ‘ಅಯ್ಯೋ, ಇದ್ಯಾರದವ್ವಾ ಕೈ ಇಷ್ಟೊಂದು?’ ಎಂದರು.

‘ಎಲ್ರುದೂ ಕಣವ್ವ’ ಎಂದು ಹುಡುಗಿ ನೀರು ಕುಡಿದು, ಮತ್ತೆ ಚೌಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತಳು.